ಮುಚ್ಚಳದ ಮೇಲೆ ಬರೆದದ್ದು

ಮಾರ್ಚ್ 4, ಬೆಳಿಗ್ಗೆ 11, ಲ್ಯಾಬು

ಹಾಲಿನ ಪುಡಿ, ಡಬ್ಬ ನಂಬರ್ ಹದಿನೇಳು. ಇಪ್ಪತ್ತೈದು ಗ್ರಾಂ ತೂಗಿದೆ. ಸೀನು ಬಂತು, ತಡೆದೆ, ಒಂದು ಚಿಟಿಕೆ ಹೆಚ್ಚಾಯಿತು, ತೆಗೆದೆ. ಹದಿನೆಂಟು. ಹತ್ತೊಂಬತ್ತು... ಮನುಕುಲದ ಆಹಾರ ಸುರಕ್ಷತೆಯ ಈ ಮಹಾಕಾರ್ಯದಲ್ಲಿ ನನ್ನ ಪಾಲು ಚಮಚ ಹಿಡಿಯುವುದು. ಮುಂದಿನ ಪೀಳಿಗೆ ಇದನ್ನು ಗಮನಿಸತಕ್ಕದ್ದು.

ಮಧ್ಯಾಹ್ನ 3

ಹೋದ ವಾರ ತೂಗಿದ ಹನ್ನೊಂದನೆಯ ಡಬ್ಬ ಸಿಕ್ಕಿಬಿದ್ದಿದೆ! ಬ್ಯಾಕ್ಟೀರಿಯಾ ಬೆಳೆಸುವ ಕೆಂಪು ಅಗಾರ್ ಮೇಲೆ ನಡುವೆ ಕಪ್ಪು ಚುಕ್ಕಿಯ ಗುಂಡು ಗುಂಡು ಕಾಲೊನಿಗಳು. ಥೇಟ್ ಮೀನಿನ ಕಣ್ಣು. ಸಾಲ್ಮೊನೆಲ್ಲಾ, ಹೊಟ್ಟೆ ಕೆಡಿಸುವುದರಲ್ಲಿ ಹೆಸರಾದವು.

ಆ ಪುಡಿ ಹದಿನಾಲ್ಕು ತಿಂಗಳಿಂದ ಒಂದು ಹನಿ ನೀರು ಕಂಡಿಲ್ಲ. ಒಳಗೆ ಇವು ಒಣಗಿ, ಅರ್ಧ ಸತ್ತು ಬಿದ್ದಿದ್ದವು. ಇವನ್ನು ಹಿಡಿಯುವ ಕ್ರಮವೇ ವಿಚಿತ್ರ. ನೇರವಾಗಿ ಪರೀಕ್ಷೆಗೆ ಎಳೆದರೆ ಸಾಯುತ್ತವೆ, ‘ಏನೂ ಇಲ್ಲ’ ಎಂಬ ಸುಳ್ಳು ವರದಿ ಬರುತ್ತದೆ. ಅದಕ್ಕೇ ಮೊದಲು ಒಂದು ದಿನ ಬೆಚ್ಚಗೆ, ಮೆತ್ತಗೆ, ಊಟ ಕೊಟ್ಟು ಮಲಗಿಸಬೇಕು. ಗಾಯ ಮಾಗಬೇಕು. ಶತ್ರುವಿಗೆ ಮೊದಲು ಶುಶ್ರೂಷೆ, ಆಮೇಲೆ ವಿಚಾರಣೆ.

ಮೇಡಂ ಅವರನ್ನು ಕೇಳಿದೆ: “ಹದಿನಾಲ್ಕು ತಿಂಗಳು ಇವು ಒಳಗೆ ಏನ್ ಮಾಡ್ತಿದ್ವು ಮೇಡಂ?”

“ಕಾಯ್ತಿದ್ವು.”

ಅಷ್ಟೇ. ನಮ್ಮ ಲ್ಯಾಬಿನ ಮುಖ್ಯಸ್ಥೆಯ ದಿನದ ಮಾತಿನ ಕೋಟಾ ಹತ್ತು ಪದ. ಒಂದನ್ನು ನನಗೆ ದಯಪಾಲಿಸಿದರು. ಆದರೆ ಆ ಒಂದು ಪದಕ್ಕೆ ನನ್ನ ತೋಳಿನ ಕೂದಲು ನಿಮಿರಿತು.

ಪ್ಲೇಟಿನ ಮುಚ್ಚಳದ ಮೇಲೆ ಬರೆದೆ: ‘ಶ್ರೀಮಾನ್ ಹನ್ನೊಂದನೆಯವರು, ದೀರ್ಘನಿದ್ರೆಯಿಂದ ಎದ್ದವರು.’ ಮೀಸೆಯನ್ನೂ ಬಿಡಿಸಿದೆ. ಹಿಂದಿನಿಂದ ಕುಕ್ಕರಣ್ಣ ಬಗ್ಗಿ ನೋಡಿದರು. ಕೆಲಸ ಮುಗಿದ ಪ್ಲೇಟುಗಳನ್ನೆಲ್ಲ ಪ್ರೆಶರ್ ಕುಕ್ಕರಿನಂಥ ದೊಡ್ಡ ಆಟೋಕ್ಲೇವಿನಲ್ಲಿ ಬೇಯಿಸಿ ಮುಗಿಸುವ ನಮ್ಮ ಹಿರಿಯರು. ಮೂವತ್ತು ವರ್ಷದ ಸರ್ವಿಸ್.

“ತಳದಲ್ಲಿ ಬರೀಬೇಕಮ್ಮಾ. ಮುಚ್ಚಳ ಅಂದ್ರೆ ಟೋಪಿ. ಯಾರ ತಲೆ ಮೇಲಾದ್ರೂ ಕೂತ್ಕೊಳ್ಳುತ್ತೆ.”

“ತಳದಲ್ಲಿ ನಂಬರ್ ಹಾಕಿದೀನಲ್ಲ ಕುಕ್ಕರಣ್ಣ.”

“ಇವತ್ತು ಹಾಕಿದೀಯ” ಎಂದು ಹೋದರು.

ಮಾರ್ಚ್ 7, ಸಂಜೆ

ಮನೆ. ಅಕ್ಕನಿಗೆ ಏಳು ತಿಂಗಳು. ಭಾವ ಹಡಗಿನ ಕೆಲಸ, ಮೇ ತಿಂಗಳವರೆಗೆ ಸಮುದ್ರದ ಮೇಲೆ. ನನ್ನ ಮಂಚ ಅಕ್ಕನ ಪಾಲಾಗಿದೆ, ನಾನು ಸೋಫಾಕ್ಕೆ ಗಡೀಪಾರು. ಹೊಟ್ಟೆಯೊಳಗಿನ ಮಹಾಶಯರಿಗೆ ಕರಬೂಜ ಬೇಕಂತೆ. ತಣ್ಣಗಿರಬೇಕಂತೆ. ಅಮ್ಮ ದಿನಾ ಕತ್ತರಿಸಿ ಡಬ್ಬಕ್ಕೆ ತುಂಬಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡುತ್ತಾಳೆ.

ಡಬ್ಬಕ್ಕೆ ನನ್ನ ಸೀಲು ಒತ್ತಿದೆ: ‘ಪರಿಶೀಲಿಸಲಾಗಿದೆ, ಅನುಮಾನಾಸ್ಪದ.’ ನೇರಳೆ ಇಂಕು. ಈ ರಬ್ಬರ್ ಸ್ಟಾಂಪ್ ಹೋದ ವರ್ಷ ನಾನೇ ಮಾಡಿಸಿದ್ದು. ಇದುವರೆಗೆ ಬಚ್ಚಲುಮನೆ ಬಾಗಿಲು, ಸಕ್ಕರೆ ಡಬ್ಬ, ಭಾವನ ಶೂ, ಮಲಗಿದ್ದ ಅಕ್ಕನ ಹಣೆ — ಎಲ್ಲವೂ ಪರಿಶೀಲನೆಗೊಳಗಾಗಿವೆ.

ಅಮ್ಮ ರೇಗಿದಳು. “ಏಯ್ ಮಂಗ! ನನ್ನ ಫ್ರಿಜ್ಜನ್ನ ನೆಕ್ಕಬಹುದು ಕಣೇ, ಅಷ್ಟು ಕ್ಲೀನಾಗಿದೆ. ನಿನ್ನ ಲ್ಯಾಬ್‌ಗಿಂತ ವಾಸಿ.”

“ಸವಾಲೇ?”

“ಸವಾಲೇ! ಸೋತೋರು ಒಂದು ತಿಂಗಳು ಪಾತ್ರೆ ತೊಳೀಬೇಕು.”

ಅಕ್ಕ ಕರಬೂಜ ಜಗಿಯುತ್ತಾ ತೀರ್ಪುಗಾರಳಾದಳು. ಚೀಲದಲ್ಲಿದ್ದ ಹತ್ತಿ ತುದಿಯ ಸ್ವಾಬ್ ಕಡ್ಡಿ ತೆಗೆದೆ. ಕೆಳಗಿನ ಖಾನೆಯ ಹಿಂದೆ, ನೀರು ಇಳಿಯುವ ತೂತಿನ ಸುತ್ತ, ಗಂಭೀರವಾಗಿ ಒರೆಸಿದೆ. ಮನೆಯ ಸ್ಯಾಂಪಲ್ ಲ್ಯಾಬಿಗೆ ತರುವುದು ನಿಷಿದ್ಧ. ಇತಿಹಾಸಕ್ಕಾಗಿ ಕೆಲವು ನಿಯಮಗಳನ್ನು ಮುರಿಯಲೇಬೇಕಾಗುತ್ತದೆ.

ಮಾರ್ಚ್ 8

ಸ್ವಾಬನ್ನು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಸುವ ಸಾರಿಗೆ, ಅಂದರೆ ಬ್ರಾತಿಗೆ, ಹಾಕಿದೆ. ಪಕ್ಕದ ಬೆಂಚಿನಲ್ಲಿ ಆ ಪರೀಕ್ಷೆಯೇ ನಡೆಯುತ್ತಿತ್ತು, ಒಂದು ಟ್ಯೂಬು ಮಿಕ್ಕಿತ್ತು, ಅಷ್ಟೇ ಕಾರಣ.

ಮಾರ್ಚ್ 10

ಟ್ಯೂಬು ಕಪ್ಪಾಗಿದೆ. ಕಪ್ಪಾದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಬೇರೆಯವೂ ಕಪ್ಪು ಮಾಡುತ್ತವೆ. ಖಚಿತವಾಗಲು ಅದರ ಒಂದು ಹನಿಯನ್ನು ಅಗಾರ್ ಮೇಲೆ ಗೆರೆ ಎಳೆದು ಬೆಳೆಸಬೇಕು. ಪ್ಲೇಟಿಗೆ ಎಳೆದೆ. ಮುಚ್ಚಳದ ಮೇಲೆ ದೊಡ್ಡಕ್ಷರದಲ್ಲಿ: ‘ಅಮ್ಮನ ಸಾಮ್ರಾಜ್ಯ, ದಕ್ಷಿಣ ಪ್ರಾಂತ್ಯ.’ ಕಿರೀಟ ಬಿಡಿಸುವಷ್ಟರಲ್ಲಿ ಊಟದ ಹೊತ್ತಾಯಿತು.

ಮಾರ್ಚ್ 12, ಬೆಳಿಗ್ಗೆ 9.30

ನೀಲಿ-ಹಸಿರು. ಪ್ರತಿ ಕಾಲೊನಿಯ ಸುತ್ತ ಮಂಜಿನಂಥ ಬಿಳಿ ಬಳೆ. ಎಷ್ಟು ಚೆಂದವೆಂದರೆ ಮೊದಲು ಚೆಂದ ಮಾತ್ರ ಕಂಡಿತು. ಎರಡು ನಿಮಿಷ ಬೇಕಾಯಿತು ಅರ್ಥ ಹೊಳೆಯಲು.

ಬಳೆ ಇರುವುದು ಕೆಟ್ಟ ಲಿಸ್ಟೀರಿಯಾ. ಉಳಿದ ಬ್ಯಾಕ್ಟೀರಿಯಾಗಳು ಫ್ರಿಜ್ಜಿನಲ್ಲಿ ಮುದುಡಿ ಕೂತರೆ ಇದು ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ. ನನ್ನಂಥವಳಿಗೆ ಹೊಟ್ಟೆ ಕೆಡಿಸಬಹುದು, ಅಷ್ಟೇ. ಬಸುರಿಗೆ ಬರೀ ಸಣ್ಣ ಜ್ವರ. ಆದರೆ ಅಲ್ಲಿಂದ ಮಗುವಿಗೆ ದಾಟುತ್ತದೆ. ಮಗು ಉಳಿಯದೇ ಇರಬಹುದು.



10.15

ಮೇಡಂ ಬಳಿ ಹೋದೆ. ಎಲ್ಲ ಹೇಳಿದೆ. ಪ್ಲೇಟನ್ನು ತಿರುಗಿಸಿ ತಳ ನೋಡಿದರು. ತಳ ಖಾಲಿ.

“ಕಂಟ್ರೋಲ್ ಪ್ಲೇಟ್ ಎಲ್ಲಿತ್ತು?”

ಪಕ್ಕದಲ್ಲೇ. ನಮ್ಮ ಲ್ಯಾಬಿನದೇ ಲಿಸ್ಟೀರಿಯಾ, ಪರೀಕ್ಷೆ ಸರಿಯಿದೆಯೇ ಎಂದು ನೋಡಲು ಬೇಕೆಂದೇ ಬೆಳೆಸಿದ್ದು. ಬೆಳಿಗ್ಗೆ ನಾಲ್ಕು ಪ್ಲೇಟುಗಳ ಮುಚ್ಚಳ ತೆಗೆದು ಸಾಲಾಗಿ ಇಟ್ಟಿದ್ದೆ. ಮತ್ತೆ ಮುಚ್ಚಿದೆ. ಯಾವುದರ ಮೇಲೆ ಯಾವುದು? ಕಂಟ್ರೋಲಿನ ತಳದಲ್ಲೂ ಏನೂ ಇಲ್ಲ. ಅದನ್ನು ಎಳೆದವಳೂ ನಾನೇ. ಅದರ ಮುಚ್ಚಳದ ಮೇಲೆ ಮೀಸೆ ಮಾತ್ರ.

ಇದು ಮನೆಯ ಫ್ರಿಜ್ಜೋ, ಲ್ಯಾಬಿನ ಸಾಕುಪ್ರಾಣಿಯೋ — ಆಣೆ ಮಾಡಿ ಹೇಳಲಾರೆ. ನಾಲ್ಕರಲ್ಲಿ ಒಂದು ಮನೆಯದು, ಒಂದು ಕಂಟ್ರೋಲು, ಎರಡು ಬೇರೆ ಸ್ಯಾಂಪಲ್ಲಿನವು, ಯಾವುದರ ತಳದಲ್ಲೂ ಗುರುತಿಲ್ಲ; ಈಗ ಎರಡು ನೀಲಿ, ಎರಡು ಖಾಲಿ. ಒಂದು ನೀಲಿ ಕಂಟ್ರೋಲಿನದು, ಇನ್ನೊಂದು ಮನೆಯದೋ ಬೇರೆ ಸ್ಯಾಂಪಲ್ಲಿನದೋ? ಖಾಲಿ ಕಂಡವು ಯಾವುವು, ಅವುಗಳ ಟೋಪಿಯೂ ಬದಲಾಯಿತೇ?

ಮೇಡಂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಸ ಸ್ವಾಬಿನ ಪೊಟ್ಟಣ ಕೈಗಿಟ್ಟು ಕೋಟಾ ಮೀರಿ ಮಾತಾಡಿದರು: “ಮೊದಲು ಸ್ವಾಬ್ ತಗೋ. ಆಮೇಲೆ ಫ್ರಿಜ್ ತೊಳಿ. ಕರಬೂಜ ಎಲ್ಲ ಎಸಿ. ಅಕ್ಕನಿಗೆ ಜ್ವರ ಬಂದ್ರೆ ಒಂದು ಗಂಟೆನೂ ಕಾಯ್ಬೇಡ.”

ಸಂಜೆ 4

ರಜೆ ಹಾಕಿ ಮನೆಗೆ ಬಂದೆ. ಬಾಗಿಲಲ್ಲೇ ಹೇಳಿದೆ: “ಅಕ್ಕಾ, ಕರಬೂಜ ತಿನ್ಬೇಡ. ಫ್ರಿಜ್ಜಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಇರಬಹುದು.”

ಅಮ್ಮ ನಕ್ಕಳು. “ಪಾತ್ರೆ ತೊಳೆಯೋಕೆ ಇಷ್ಟು ನಾಟಕಾನಾ!”

“ಅಮ್ಮಾ, ನಿಜವಾಗ್ಲೂ.”

“ಸೀಲ್ ಎಲ್ಲಿ? ಸೀಲ್ ಇಲ್ದೆ ನಾವು ಆದೇಶ ಒಪ್ಪಲ್ಲಪ್ಪ” ಎಂದಳು ಅಕ್ಕ, ಹೊಟ್ಟೆ ಕುಲುಕಿಸಿ ನಗುತ್ತಾ. ಡಬ್ಬಕ್ಕೆ ಕೈ ಹಾಕಿದಳು. ಕಿತ್ತುಕೊಂಡೆ. ಅದಕ್ಕೂ ನಕ್ಕರು.

ವಾದ ಮಾಡಲಿಲ್ಲ. ಸ್ವಾಬ್ ತೆಗೆದುಕೊಂಡೆ. ಟ್ಯೂಬಿನ ಮೈಮೇಲೆ ಬರೆದೆ: ತಾರೀಖು, ಗಂಟೆ, ‘ಮನೆ ಫ್ರಿಜ್, ಕೆಳಖಾನೆ’. ಆಮೇಲೆ ಎಲ್ಲ ಹೊರತೆಗೆದೆ. ಕರಬೂಜವನ್ನು ಎರಡು ಚೀಲದಲ್ಲಿ ಕಟ್ಟಿ ಕಸಕ್ಕೆ. ಖಾನೆಗಳನ್ನು ಕಳಚಿ ಸೋಪಿನ ಬಿಸಿನೀರು, ನಂತರ ಬ್ಲೀಚು. ತೂತಿನೊಳಗೆ ಹಳೆ ಹಲ್ಲುಜ್ಜುವ ಬ್ರಷ್ಷು. ಬಾಗಿಲಿನ ರಬ್ಬರಿನ ಮಡಿಕೆ ಮಡಿಕೆ. ಎರಡು ಗಂಟೆ.

ತಲೆ ಎತ್ತಿದಾಗ ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ನಗು ಇರಲಿಲ್ಲ.

“ಎರಡು ಗಂಟೆ ಹೊತ್ತು ಒಂದು ಜೋಕೂ ಮಾಡಿಲ್ಲ ನೀನು” ಎಂದಳು. “ನಂಗೆ ಭಯ ಆಗ್ತಿದೆ ಕಣೇ. ನಿಜಾನಾ?”

“ಗೊತ್ತಿಲ್ಲಕ್ಕಾ. ಅದೇ ಕಷ್ಟ. ನಾನು ಮುಚ್ಚಳದ ಮೇಲೆ ಬರೆದೆ.”

ಮಾರ್ಚ್ 14, ಮಧ್ಯಾಹ್ನ

ಎರಡನೇ ಸ್ವಾಬಿನ ಬ್ರಾತೂ ಕಪ್ಪು. ಪ್ಲೇಟಿಗೆ ಎಳೆದೆ. ತಳದಲ್ಲಿ ಬರೆದೆ. ಚಿತ್ರ ಇಲ್ಲ.

ಕಾಯುವ ಹೊತ್ತಿನಲ್ಲಿ ಮೇಡಂ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಮೊದಲ ಪ್ಲೇಟಿನ ನೀಲಿಯನ್ನು ಕೋಣೆಯ ತಂಪಿನಲ್ಲಿ ಬೆಳೆಸಿದ್ದರಂತೆ. ನೋಡಿದೆ.

ಸಣ್ಣ ಕಡ್ಡಿಗಳು. ಪಲ್ಟಿ ಹೊಡೆಯುತ್ತಿವೆ! ಈಜುವುದಲ್ಲ — ತಲೆಕೆಳಗಾಗಿ ಉರುಳಿ, ನಿಂತು, ಮತ್ತೆ ಉರುಳಿ. ಸಾವಿರಾರು. ಶಾಲೆ ಬಿಟ್ಟ ಮಕ್ಕಳು. ನನ್ನ ಜಾತಿಯವೇ, ಒಂದೂ ನೆಟ್ಟಗೆ ನಡೆಯುವುದಿಲ್ಲ.

“ನಮ್ಮ ಮೈ ಬಿಸಿಗೆ ಬಂದ್ರೆ ಈ ಆಟ ನಿಲ್ಲಿಸುತ್ತೆ” ಎಂದರು ಮೇಡಂ. “ಬಾಲ ಬಿಚ್ಚಿಡುತ್ತೆ. ನಮ್ಮ ಜೀವಕೋಶದ ಒಳಗೆ ಹೊಕ್ಕು, ನಮ್ಮದೇ ಸಾಮಾನಿಂದ ಹೊಸ ಬಾಲ ಕಟ್ಕೊಳ್ಳುತ್ತೆ. ಅದರಿಂದ ತಳ್ಕೊಂಡು ಪಕ್ಕದ ಕೋಶಕ್ಕೆ ನುಗ್ಗುತ್ತೆ. ಹೊರಗೆ ಬರೋದೇ ಇಲ್ಲ.”

ಗೋಡೆಯಿಂದ ಗೋಡೆಗೆ. ಕಾವಲುಗಾರರಿಗೆ ಕಾಣದಂತೆ. ಒಂದು ಕೂದಲಿನ ದಪ್ಪಕ್ಕೆ ಐವತ್ತು ಅಡ್ಡ ಮಲಗಿಸಬಹುದಾದ ಜೀವಿ, ಮಿದುಳಿಲ್ಲ, ಕಣ್ಣಿಲ್ಲ. ಎಲ್ಲಿದ್ದೇನೆ ಎಂದು ಬಿಸಿಯಿಂದಲೇ ತಿಳಿದು ವೇಷ ಬದಲಿಸುತ್ತದೆ. ಕಣ್ಣು ತೆಗೆಯಲಾಗಲಿಲ್ಲ.  ಇಷ್ಟು ಅದ್ಭುತವಾಗಿರಬೇಕಾದ ಅಗತ್ಯವಿತ್ತೇ ಇದಕ್ಕೆ?

ಮಾರ್ಚ್ 15, ಬೆಳಿಗ್ಗೆ 7

ಅಕ್ಕನಿಗೆ ಮೈಕೈ ನೋವು. ಜ್ವರ ನೂರು ಪಾಯಿಂಟ್ ಎಂಟು. “ಮಾಮೂಲಿ ಜ್ವರ ಇರುತ್ತೆ, ಸಂಜೆವರೆಗೆ ನೋಡೋಣ” ಎಂದಳು ಅಮ್ಮ. ಅವಳ ದನಿ ಹೇಳಿದ್ದು ಬೇರೆ. ಆಟೋ ಕರೆದೆ.

11.40, ಆಸ್ಪತ್ರೆಯ ಬೆಂಚು

ಡಾಕ್ಟರ್ ಚುರುಕು ಹೆಂಗಸು, ಕನ್ನಡಕ ತಲೆಯ ಮೇಲೆ. ಜ್ವರದ ಮಾತ್ರೆ ಬರೆಯಲು ಪೆನ್ನು ತೆಗೆದರು. ಆಗ ಹೇಳಿದೆ. ಫ್ರಿಜ್ಜು, ಕರಬೂಜ, ನೀಲಿ ಕಾಲೊನಿ, ಬಳೆ.

“ರಿಪೋರ್ಟ್ ಇದೆಯಾ?”

“ಇಲ್ಲ ಡಾಕ್ಟರ್. ನನ್ನ ಪ್ಲೇಟ್ ಅದಲು ಬದಲಾಗಿರಬಹುದು. ಲೇಬಲ್ಲು ಮುಚ್ಚಳದ ಮೇಲೆ ಹಾಕಿದ್ದೆ. ಎರಡನೇದು ನಾಳೆ ನಾಡಿದ್ದು ಗೊತ್ತಾಗುತ್ತೆ. ನಾನು ಹೇಳ್ತಿರೋದು ತಪ್ಪಿರಬಹುದು.”

ಬದುಕಿನಲ್ಲಿ ಮೊದಲ ಸಲ ನನ್ನ ಮಾತಿಗೆ ನಾನೇ ಸೀಲು ಒತ್ತಲು ಒಪ್ಪಲಿಲ್ಲ.

ಡಾಕ್ಟರ್ ಕನ್ನಡಕ ಇಳಿಸಿ ನನ್ನನ್ನು ನೋಡಿದರು. “ತಪ್ಪಿರಬಹುದು ಅಂತ ನೀವೇ ಹೇಳ್ತಿದೀರಲ್ಲ, ಅದಕ್ಕೇ ನಂಬ್ತೀನಿ. ಅಡ್ಮಿಟ್ ಮಾಡಿ. ರಕ್ತ ತೆಗೆದು ಕಲ್ಚರಿಗೆ ಕಳ್ಸೋಣ, ಏನಾದ್ರೂ ಬೆಳೆಯುತ್ತಾ ನೋಡೋಕೆ. ಆಂಟಿಬಯೋಟಿಕ್ ಈಗ್ಲೇ ಶುರು. ರಿಪೋರ್ಟಿಗೆ ಕಾಯೋದು ಬೇಡ.”

ಡ್ರಿಪ್ ಇಳಿಯುತ್ತಿದೆ. ಮಗುವಿನ ಎದೆಬಡಿತ ಯಂತ್ರದಲ್ಲಿ ಕೇಳಿಸಿದರು. ಟಕಟಕಟಕ... ಎಲ್ಲಿಗೋ ತಡವಾಗಿದೆಯೇನೋ ಎಂಬಂತೆ ಓಡುತ್ತಿದೆ. ಅಮ್ಮ ನನ್ನ ಕೈ ಹಿಡಿದುಕೊಂಡು ಬಿಟ್ಟೇ ಇಲ್ಲ. ಎಡಗೈಲಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸತಕ್ಕದ್ದು.

ಮಾರ್ಚ್ 16

ಎರಡನೇ ಪ್ಲೇಟು. ನೀಲಿ-ಹಸಿರು, ಬಳೆ. ತಳ ತಿರುಗಿಸಿ ಓದಿದೆ, ನನ್ನದೇ ಅಕ್ಷರ: ಮನೆ ಫ್ರಿಜ್, ಕೆಳಖಾನೆ.

ಮಾರ್ಚ್ 17

ಅಕ್ಕನ ರಕ್ತದ ಬಾಟಲಿಯಲ್ಲೂ ಅದೇ ಲಿಸ್ಟೀರಿಯಾ ಬೆಳೆದಿದೆ.



ಏಪ್ರಿಲ್ 3, ಸಂಜೆ

ಇಷ್ಟು ದಿನ ಈ ಪುಸ್ತಕ ಮುಟ್ಟಲಿಲ್ಲ. ಬೆಳಿಗ್ಗೆ ಲ್ಯಾಬು, ಸಂಜೆ ವಾರ್ಡು. ಜ್ವರ ಮೂರನೇ ದಿನಕ್ಕೇ ಇಳಿಯಿತು, ಆದರೆ ಡ್ರಿಪ್ ಹದಿನೆಂಟು ದಿನ. ಅಕ್ಕ ಇಂದು ಮನೆಗೆ ಬಂದಳು. ಒಳಗಿನ ಮಹಾಶಯರು ಒದೆಯುತ್ತಿದ್ದಾರೆ. ಅವರಿಗೆ ತಗಲಿದೆಯೇ, ಹುಟ್ಟುವವರೆಗೆ ಖಂಡಿತ ಹೇಳಲಾಗದು ಎಂದರು ಡಾಕ್ಟರ್.

ಅಂದರೆ ಇನ್ನೂ ಕಾಯಬೇಕು. ಹಾಲಿನ ಪುಡಿಯೊಳಗೆ ಅವು ಹೇಗೆ ಕಾದವೋ, ಅವಕ್ಕೇ ಗೊತ್ತು.

ಫೋನಿನಲ್ಲಿ ಅಕ್ಕನಿಗೆ ಚಿತ್ರ ತೋರಿಸಿದೆ. ನಮ್ಮ ಫ್ರಿಜ್ಜಿನ ಲಿಸ್ಟೀರಿಯಾವನ್ನು ಮೆತ್ತನೆ ಅಗಾರಿನ ಟ್ಯೂಬಿನಲ್ಲಿ ಚುಚ್ಚಿಟ್ಟರೆ ನಾಲ್ಕು ದಿನದಲ್ಲಿ ಮೇಲ್ಗಡೆ ಬಿಚ್ಚಿದ ಕೊಡೆಯಂತೆ ಹರಡುತ್ತದೆ. ಹಿಡಿ, ಬಟ್ಟೆ, ಎಲ್ಲ ಇದ್ದ ಪುಟ್ಟ ಬಿಳಿ ಕೊಡೆ.

ಅಕ್ಕ ಫೋನನ್ನು ಹತ್ತಿರ ಎಳೆದುಕೊಂಡಳು.

“ಇದೇನಾ ನನ್ನ ರಕ್ತದಲ್ಲಿ ಇದ್ದಿದ್ದು?”

“ಹೂಂ.”

“ಥೂ... ಚೆಂದ ಇದೆ ಕಣೇ” ಎಂದಳು. ಕಣ್ಣು ಒರೆಸಿಕೊಂಡಳು. “ಅದಕ್ಕೂ ಬದುಕ್ಬೇಕು ಅನ್ಸಿರುತ್ತೆ ಪಾಪ. ಆದ್ರೆ ನನ್ನ ಮಗೂನ ಬಿಟ್ಟು ಬೇರೆಲ್ಲಾದ್ರೂ ಬದುಕ್ಲಿ.”

ಪಾತ್ರೆ ಯಾರು ತೊಳೆಯಬೇಕೆಂಬ ಪ್ರಶ್ನೆ ಎತ್ತಿದೆ. ಅಮ್ಮ ಸೌಟು ತೋರಿಸಿದಳು. ಗೆದ್ದವಳೂ ನಾನೇ, ತೊಳೆಯುವವಳೂ ನಾನೇ. ನ್ಯಾಯಾಂಗದ ಬಗ್ಗೆ ನನ್ನ ಅಭಿಪ್ರಾಯವನ್ನು ಸಿಂಕಿಗೆ ತಿಳಿಸಿದೆ.

ಏಪ್ರಿಲ್ 20

ಕುಕ್ಕರಣ್ಣ ಹಳೆಯ ಪ್ಲೇಟುಗಳನ್ನು ಬೇಯಿಸಲು ಒಯ್ಯುತ್ತಿದ್ದರು. ರಬ್ಬರ್ ಸ್ಟಾಂಪನ್ನೂ ಆ ಬುಟ್ಟಿಗೆ ಹಾಕಿದೆ. ಅವರು ಅದನ್ನು ತೆಗೆದು ನನ್ನ ಜೇಬಿಗೆ ವಾಪಸ್ ಇಟ್ಟರು.

“ಇಟ್ಕೋಮ್ಮಾ. ನಗ್ತಾ ಇರು. ತಳ ಮಾತ್ರ ಮರೀಬೇಡ.”

ಮೇ 6, ಬೆಳಿಗ್ಗೆ 9.10

ಬಂತು! ಹೆಣ್ಣು. ಎರಡು ಕೆಜಿ ಒಂಬೈನೂರು. ಅತ್ತ ರಭಸಕ್ಕೆ ಕಾರಿಡಾರಿನಲ್ಲಿ ನಿಂತಿದ್ದ ಅಮ್ಮನೂ ಶುರುಮಾಡಿದಳು. ಭಾವ ಬಂದರಿನಿಂದ ಹೊರಟಿದ್ದಾರೆ, ಮಧ್ಯಾಹ್ನ ತಲುಪುತ್ತಾರೆ. ಮಗುವಿನ ರಕ್ತ ಕಲ್ಚರಿಗೆ ಹೋಗಿದೆ.

ಮೇ 11, ಬೆಳಿಗ್ಗೆ 10

ಐದು ದಿನ. ಬಾಟಲಿ ತಿಳಿ. ಏನೂ ಬೆಳೆದಿಲ್ಲ.

ಎಷ್ಟೋ ಪ್ಲೇಟುಗಳಲ್ಲಿ ‘ಏನೂ ಬೆಳೆದಿಲ್ಲ’ ಎಂದು ಬರೆದು ಆಕಳಿಸಿದ್ದೇನೆ. ಇಂದು ಆ ಎರಡು ಪದಗಳ ರಿಪೋರ್ಟನ್ನು ಡಾಕ್ಟರ್ ಕೈಯಿಂದ ಇಸಿದುಕೊಂಡು ಮೂರು ಸಲ ಓದಿದೆ. ಮೇಡಂಗೆ ಫೋನ್ ಮಾಡಿದೆ.  ಅವರ ಕಡೆಯಿಂದ ಮೂಗು ಸೀಟುವ ಸದ್ದು ಬಂತು.

ಕರ್ತವ್ಯಪ್ರಜ್ಞೆಯಿಂದ ಮಗುವನ್ನು ಪರಿಶೀಲಿಸಿದೆ. ಬೆರಳು ಇಪ್ಪತ್ತು. ಉಗುರು ಅಕ್ಕಿಕಾಳಿಗಿಂತ ಚಿಕ್ಕವು, ಆದರೂ ಪೂರ್ತಿ ಉಗುರು. ಗುರುತಿನ ಪಟ್ಟಿ: ತಾಯಿಯ ಹೆಸರು, ತಾರೀಖು, ಗಂಟೆ. ಹೊದಿಕೆಗಲ್ಲ, ಕಾಲಿಗೇ ಕಟ್ಟಿದ್ದಾರೆ. ಒಳ್ಳೆಯ ಲ್ಯಾಬು.

“ಏನ್ ನೋಡ್ತಿದೀಯೇ ಅಷ್ಟೊತ್ತಿಂದ? ಎತ್ಕೋ ಚಿಕ್ಕಮ್ಮಾ” ಎನ್ನುತ್ತಿದ್ದಾಳೆ ಅಕ್ಕ. ಕೈ ತೊಳೆದೆ. ಮತ್ತೊಂದು ಸಲ ತೊಳೆದೆ. ಬರೆದು ಮುಗಿಸ್ತೀನಿ ಅಂದರೆ ಕೇಳುತ್ತಿಲ್ಲ. ಒಂದು ಕೈ ಮಗುವಿನ ಕತ್ತಿನ ಕೆಳಗೆ ಇರಬೇಕಂತೆ, ಪೆನ್ನು ಹಿಡಿದಿರುವ ಇನ್ನೊಂದೂ ಬೇಕಂತೆ —