ಪೆಸಿಫಿಕ್ ನಮ್ಮನ್ನು ನುಂಗದ ದಿನ

೧೯೪೪ ಮಾರ್ಚ್ ೯, ರಾತ್ರಿ

ಶ್ರೀಮನ್ಮಹಾ ಪೆಸಿಫಿಕ್ ಸಾಗರ ಚಕ್ರವರ್ತಿಗಳ ಸನ್ನಿಧಾನಕ್ಕೆ, ನೀರಿನ ಮೇಲಿಳಿಯುವ ವಿಮಾನವೊಂದರ ಅಲ್ಪ ಬಂದೂಕುಗಾರನ ಸಾಷ್ಟಾಂಗ ನಮಸ್ಕಾರಗಳು. ಇಂದು ತಾವು ನಮ್ಮನ್ನು ನುಂಗದೆ ಬಿಟ್ಟಿರಿ.

ಕೆಳಗೆ ರಬ್ಬರ್ ದೋಣಿಯಲ್ಲಿ, ಸಮುದ್ರಕ್ಕೆ ಬಿದ್ದ ನಮ್ಮ ಬಾಂಬರ್ ವಿಮಾನವೊಂದರ ಮೂವರು ಹುಡುಗರಿದ್ದರು. ಅಲೆಗಳು ಮನೆಯೆತ್ತರ, ಇಳಿದರೆ ಮತ್ತೆ ಏಳುವ ಖಾತ್ರಿಯಿರಲಿಲ್ಲ.

"ಏನ್ರಪ್ಪಾ, ಬಿಟ್ಟು ಹೋಗೋಣ್ವಾ?" ಎಂದ ನಮ್ಮ ಪೈಲಟ್ ಹೆಡ್ಲಿ. ನಾವೆಲ್ಲ ಬೆಲ್ಟ್ ಬಿಗಿದುಕೊಂಡೆವು. "ಹಾಗಾದ್ರೆ ಹಲ್ಲು ಕಚ್ಕೊಳ್ಳಿ."

ನೀರಿಗೆ ಅಪ್ಪಳಿಸಿದ ಏಟಿಗೆ ತಳದ ತಗಡು ಬಿಗಿದಿದ್ದ ರಿವೆಟ್ ಮೊಳೆಗಳು ಹಾರಿಹೋದವು. ತೂತುಗಳಿಗೆ ಪೆನ್ಸಿಲ್ ಜಡಿದು ನೀರು ತಡೆದೆವು. ಒಳಗೆಳೆದುಕೊಂಡ ಮೊದಲನೆಯವನು ಕೆಮ್ಮುತ್ತಲೇ, "ಎಷ್ಟು ಲೇಟ್ರೋ, ಸೋಮಾರಿಗಳಾ!" ಎಂದು ಅತ್ತುಬಿಟ್ಟ.

ಆಮೇಲೆ ಹೆಡ್ಲಿ ಅಷ್ಟೂ ಜನರನ್ನು ಹೊತ್ತ ವಿಮಾನವನ್ನು ಅಲೆಯೊಂದರ ನೆತ್ತಿಯಿಂದ ಆಕಾಶಕ್ಕೆ ಎಸೆದನಲ್ಲ, ಆಹಾ! ಅದನ್ನು ನೋಡಿದ ಈ ಕಣ್ಣುಗಳೇ ಧನ್ಯ.

ಸುಳ್ಳೇಕೆ, ಆಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದೆ.