ಮರ ಮಾತಾಡ್ತಿದೆ, ಅಷ್ಟೇ

ಅಪ್ಪಾ,

ನೀನು ಹೋದಮೇಲೂ ನಿನ್ನ ಕಸುಬು ನನ್ನ ಬೆನ್ನು ಬಿಟ್ಟಿಲ್ಲ. ನೀನು ಬಾಗಿಲು ಮಾಡುತ್ತಿದ್ದೆ, ನಾನು ಬೆಂಕಿಯನ್ನು ಎಷ್ಟು ಹೊತ್ತು ತಡೆಯುತ್ತವೆ ಎಂದು ಬಾಗಿಲುಗಳನ್ನು ಸುಟ್ಟು ಪರೀಕ್ಷೆ ಮಾಡುತ್ತೇನೆ. ಇವತ್ತು ದಪ್ಪನೆಯ ತೇಗದ ಬಾಗಿಲೊಂದನ್ನು ಕುಲುಮೆಯ ಬಾಯಿಗೆ ಕೂರಿಸಿ ಒಳಗಿನಿಂದ ಬೆಂಕಿ ಕೊಟ್ಟೆವು. ನೀನು ಹೇಳುತ್ತಿದ್ದಂತೆಯೇ ಆಯಿತು. ಒಳಮೈ ಇದ್ದಿಲಾಯಿತು, ಆ ಇದ್ದಿಲೇ ಮಿಕ್ಕ ಮರವನ್ನು ಕಾಪಾಡಿತು. ಹೊರಮೈ ಅಂಗೈಗೆ ತಣ್ಣಗೇ ಇತ್ತು.

ಆಗ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಹೊಸದಾಗಿ ಸೇರಿದ ಇಂಜಿನಿಯರಮ್ಮ ಮುಖ ಬಿಳಿಚಿಕೊಂಡು, "ಯಾರೋ ತಟ್ತಾ ಇದ್ದಾರೆ ಸರ್" ಅಂದರು.

"ಮರ ಮಾತಾಡ್ತಿದೆ, ಅಷ್ಟೇ" ಅಂದೆ.

ಬಾಯಿಗೆ ಬಂದದ್ದು ನಿನ್ನ ಮಾತು. ಮನೆಗೆ ಬೆಂಕಿ ಬಿದ್ದ ದಿನ ಪುಟ್ಟ ತಂಗಿ ಪಕ್ಕದ ಮನೆಯಲ್ಲಿದ್ದಾಳೆ ಎಂದುಕೊಂಡಿದ್ದೆವು. ಬಾಗಿಲು ಹಾಕಿದ್ದ ಕೋಣೆಯೊಳಗಿನ ಸದ್ದಿಗೆ ಅಮ್ಮ ಬೆಚ್ಚಿದಾಗ ನೀನು ಹೀಗೇ ಅಂದಿದ್ದೆ. ನೀನೇ ಮಾಡಿದ ಆ ಬಾಗಿಲೂ ಹೊರಗೆ ತಣ್ಣಗಿತ್ತು. ಆಮೇಲೆ ನೀನು ಇನ್ನೊಂದು ಬಾಗಿಲು ಮಾಡಲಿಲ್ಲ.

ಕುಲುಮೆ ಆರಿಸಿದೆವು. ಮರ ಪೂರ್ತಿ ತಣಿಯಿತು. ಸದ್ದು ಮಾತ್ರ ನಿಲ್ಲಲಿಲ್ಲ.

ನಾನೇ ಹೋಗಿ ಬಾಗಿಲು ತೆಗೆದೆ ಅಪ್ಪಾ. ಒಳಗೆ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ಒಂದು ಮಗು ಹಾಯುವಷ್ಟು ದಾರಿ ಬಿಟ್ಟು, ಪಕ್ಕಕ್ಕೆ ಸರಿದು ನಿಂತೆ.