ಹಂಪು ದಾಟದ ಕಲ್ಲು

ಎರಡು ಸಾವಿರದ ಇನ್ನೂರ ಹನ್ನೊಂದನೇ ಇಸವಿ
ಮರುಬೇಸಿಗೆ ತಿಂಗಳು, ಮೂವತ್ತೆಂಟನೇ ದಿನ
ಕರೇಕಲ್ಲಹಟ್ಟಿ

ಗರುಡ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರಿಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಹನ್ನೆರಡು ತಿಂಗಳಲ್ಲಿ ಬೇಸಿಗೆ ಹಿಡಿಸದೆ ಹೋದಾಗ ನಮ್ಮ ಹಿರಿಯರು ಹದಿಮೂರನೆಯದೊಂದನ್ನು ಸೇರಿಸಿದರು. ಅದಕ್ಕೆ ಮರುಬೇಸಿಗೆ ಎಂದು ಹೆಸರು. ಮಳೆ ಬರುವವರೆಗೆ ಅದರ ದಿನ ಎಣಿಸುತ್ತ ಹೋಗುತ್ತೇವೆ, ಮೂವತ್ತಕ್ಕೇ ನಿಲ್ಲಬೇಕೆಂದೇನೂ ಇಲ್ಲ. ನನ್ನ ಇನ್ನೂ ಕೆಲವು ಮಾತು ನಿಮಗೆ ಅರ್ಥವಾಗದೆ ಹೋಗಬಹುದು, ಅದಕ್ಕೆ ಕ್ಷಮೆ ಇರಲಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಅದೊಂದೇ. ಉಳಿದದ್ದೆಲ್ಲ ಬೈಗುಳ. ನನ್ನ ಹೆಸರು ಕಾಟಮ್ಮ. ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟವಳು, ನಯವಾಗಿ ಬರೆಯಲು ಬರುವುದಿಲ್ಲ. ಬಂದಿದ್ದರೂ ನಿಮಗೆ ಬರೆಯುತ್ತಿರಲಿಲ್ಲ.

ಇದು ಹಿಂದೋಲೆ. ನಮ್ಮಲ್ಲಿ ಮುದಿತನಕ್ಕೆ ಬಂದವರಿಗೆಲ್ಲ ಆಯುಸ್ಸಿಗೆ ಒಂದು ಸಲ, ಕಳೆದುಹೋದ ಕಾಲಕ್ಕೆ ಒಂದು ಓಲೆ ಕಳಿಸುವ ಅವಕಾಶ ಉಂಟು. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ, ಮುಟ್ಟುತ್ತದೋ ಇಲ್ಲವೋ ಎಂದು ಕಳಿಸುವವರಿಗೂ ಗೊತ್ತಿಲ್ಲ. ಸಾಮಾನ್ಯವಾಗಿ ಜನ ತಮ್ಮ ಸತ್ತವರಿಗೆ ಬರೆಯುತ್ತಾರೆ. ನನ್ನ ಗಂಡ ಚಿನ್ನಯ್ಯ ಗಾಳಿಕಂಬ ಹತ್ತಿ ಬಿದ್ದು ಸತ್ತ. ಅದರ ಹಿಂದಿನ ದಿನಕ್ಕೆ ಒಂದೇ ಸಾಲು ಬರೆದು, ನಾಳೆ ಹತ್ತಬೇಡ ಮಾರಾಯ ಎಂದಿದ್ದರೆ ಸಾಕಿತ್ತು. ಅದನ್ನು ಬಿಟ್ಟು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂಬುದನ್ನು ಇದರಲ್ಲೇ ತಿಳಿದುಕೊಳ್ಳಿ.

ಗಾಳಿಕಂಬ ಎಂದರೆ ನಮ್ಮ ಗುಡ್ಡಗಳ ಮೇಲೆ ನಿಮ್ಮವರು ನೆಟ್ಟುಹೋದ ಆ ಬಿಳಿ ಕಂಬಗಳೇ. ರೆಕ್ಕೆಗಳು ಎಂದೋ ಉದುರಿವೆ, ಕಂಬಗಳು ನಿಂತಿವೆ. ಮಧ್ಯಾಹ್ನ ಹೊರಗೆ ಇರಲು ಆಗುವುದಿಲ್ಲವಾದ್ದರಿಂದ ಅವುಗಳ ಹೊಟ್ಟೆಯೊಳಗೆ ಸೇರಿಕೊಳ್ಳುತ್ತೇವೆ. ಬೆಳಿಗ್ಗೆ ಮತ್ತು ಸಂಜೆ ಕಂಬದ ನೆರಳಿನಲ್ಲಿ ಸಾಲಾಗಿ ಕೂತು ಉಣ್ಣುತ್ತೇವೆ. ಇದಕ್ಕೆ ನೆರಳೂಟ ಎನ್ನುತ್ತೇವೆ. ನೆರಳು ಸರಿದಂತೆ ಸಾಲು ಪೂರ್ತಿ ತಟ್ಟೆ ಹಿಡಿದು ಸರಿಯುತ್ತದೆ. ಸರಿಯದೆ ಕೂತವನನ್ನು ಮೈಗಳ್ಳ ಎಂದು ಆಡಿಕೊಳ್ಳುತ್ತಾರೆ. ನವಣೆ ಬೆಳೆಯುತ್ತೇವೆ, ಕುರಿ ಇವೆ. ನಿಮ್ಮ ಹೆದ್ದಾರಿಯ ಮೇಲೆ ಈಗ ಹಾಯಿಬಂಡಿಗಳು ಓಡುತ್ತವೆ, ಬಟ್ಟೆ ಕಟ್ಟಿ ಗಾಳಿಗೆ ಬಿಟ್ಟ ಗಾಡಿಗಳು. ಗಾಳಿ ಬಿದ್ದರೆ ಇಳಿದು ತಳ್ಳಬೇಕು. ಕುಡಿಯುವ ನೀರಿಗೆ ನಮಗಿರುವುದು ಹಟ್ಟಿಯ ಕೆರೆ. ಮಳೆಗಾಲದಲ್ಲಿ ನಾಲ್ಕು ವಾರ ನೀರು ನಿಲ್ಲುತ್ತದೆ, ಆಮೇಲೆ ಅದರ ಅಂಗಳದಲ್ಲಿ ಒರತೆ ತೋಡಿ ಚಿಪ್ಪಿನಲ್ಲಿ ಮೊಗೆಯುತ್ತೇವೆ. ಆ ಕೆರೆ ಕೈಬಿಟ್ಟರೆ ಹಟ್ಟಿ ಇಲ್ಲ. ಈಗ ಅದು ಕೈಬಿಡುವುದರಲ್ಲಿದೆ, ನಿಮ್ಮಿಂದ.

ಹೇಗೆ ಎಂದು ಕೇಳುತ್ತೀರಿ. ನಿಮ್ಮ ಕಾಲದ ಕಾಗದಪತ್ರ, ನಿಮ್ಮ ಯಂತ್ರಗಳೊಳಗಿನ ನೆನಪು, ಎಲ್ಲವೂ ದೊಡ್ಡ ಮರೆವಿನಲ್ಲಿ ಹಾಳಾಗಿ ಹೋದವು. ಆ ಕತೆ ಬೇಡ, ನೆನೆದರೆ ಸಂಕಟ. ಅದಾದ ಮೇಲೆ ಬಂದ ಕಟ್ಟಳೆ ಇಷ್ಟು: ಕಲ್ಲಿನಲ್ಲಿ ಕೆತ್ತಿದ್ದು ಮಾತ್ರ ಸಾಕ್ಷಿ. ನೆಲದ ಜಗಳ, ನೀರಿನ ಜಗಳ ಬಂದರೆ ಕಲ್ಲೋದುವವರು ಬರುತ್ತಾರೆ. ಕಲ್ಲು ಎಲ್ಲಿ ನಿಂತಿದೆ, ಏನು ಹೇಳುತ್ತದೆ, ಅಷ್ಟನ್ನೇ ಓದಿ ತೀರ್ಪು ಕೊಟ್ಟು ಹೋಗುತ್ತಾರೆ. ನಿಂತ ಕಲ್ಲನ್ನು ಅಲುಗಿಸುವುದು ನಮ್ಮಲ್ಲಿ ಕೊಲೆಗಿಂತ ದೊಡ್ಡ ತಪ್ಪು, ಮಾಡಿದ ಹಟ್ಟಿ ಎದ್ದು ಹೋಗಬೇಕು. ಹೀಗಾಗಿ ನಾವು ಏನೂ ಮಾಡುವಂತಿಲ್ಲ. ಮಾಡಬೇಕಾದವರು ನೀವು.

ನೀವು ಮಾಡಿದ್ದನ್ನು ನಿಮಗೇ ಹೇಳುತ್ತೇನೆ, ಕೇಳಿ. ನಮ್ಮ ಹಟ್ಟಿಯಲ್ಲಿ ಹುಟ್ಟಿದ ಪಾಲಯ್ಯ ಒಣಗಿದ ಕೆರೆಯಂಗಳದಲ್ಲಿ ಹಳೇ ಜೀಪು ಓಡಿಸಿ ಓಡಿಸಿ ಕಲಿತು, ಆಮೇಲೆ ದೇಶವೆಲ್ಲ ರೇಸ್ ಪಾಲಯ್ಯ ಎಂದು ಹೆಸರಾದ. ಅವನು ಸತ್ತ ಮೇಲೆ ಅವನ ಗೌರವಕ್ಕೆಂದು ನೀವು ಒಂದು ಶನಿವಾರ ಬಣ್ಣಬಣ್ಣದ ಕಾರುಗಳಲ್ಲಿ ಹೊರಟಿರಿ. ಜೊತೆಗೆ ಒಂದು ಲಾರಿಯಲ್ಲಿ ಕರಿಕಲ್ಲು. ಅದರ ಮೇಲೆ ಹೀಗೆ ಕೆತ್ತಿಸಿದ್ದಿರಿ: ರೇಸ್ ಪಾಲಯ್ಯನವರು ಹುಟ್ಟಿದ್ದು ಈ ನೆಲದಲ್ಲಿ, ಗಾಡಿ ಓಡಿಸಲು ಕಲಿತದ್ದು ಈ ಊರಿನ ಕೆರೆಯಂಗಳದಲ್ಲಿ. ಕಲ್ಲನ್ನು ಕೆರೆ ಏರಿಯ ಮೇಲೆ ನೆಡುತ್ತೇವೆ ಎಂದು ಹೇಳಿಕಳಿಸಿದ್ದಿರಿ. ಪಾಲಯ್ಯನ ತಂಗಿ ಓಬಮ್ಮ, ನನ್ನ ವಂಶದ ಮೂಲದ ಅಜ್ಜಿ, ಹಟ್ಟಿಯ ಹೆಂಗಸರನ್ನು ಸೇರಿಸಿಕೊಂಡು ನಿಮಗಾಗಿ ಮುದ್ದೆ ಕಟ್ಟಿ ಕೋಳಿಸಾರು ಮಾಡಿದಳು. ಯಾರ ಮನೆಯಲ್ಲಿ ಎಷ್ಟು ಕೋಳಿ ಹೋದವು ಎಂಬುದನ್ನು ನಮ್ಮ ಮುದುಕಿಯರು ಈಗಲೂ ಹೇಳುತ್ತಾರೆ, ಕೋಳಿಗಳ ಬಣ್ಣ ಸಮೇತ.

ಹಟ್ಟಿಯ ದಾರಿಯಲ್ಲಿ ಎರಡು ಹಂಪುಗಳಿದ್ದವು. ಮರಳು ಲಾರಿಗಳು ಕುರಿಮರಿ ಮೇಲೆ, ಮಕ್ಕಳ ಮೇಲೆ ಹಾಯುತ್ತಿದ್ದುದರಿಂದ ಹಟ್ಟಿಯವರೇ ಸಿಮೆಂಟು ಕಲೆಸಿ ಕಟ್ಟಿಕೊಂಡದ್ದು, ತುಸು ಎತ್ತರವಾಗಿಯೇ. ನಿಮ್ಮ ಮುಂದಿನ ಕಾರು ಮೊದಲ ಹಂಪಿಗೆ ಹೊಟ್ಟೆ ಉಜ್ಜಿ ನಿಂತಿತು. ಅದರ ಯಜಮಾನ ಇಳಿದು, ಮೊಣಕಾಲೂರಿ, ಕರು ಹಾಕಿದ ಹಸುವನ್ನು ನೋಡುವಂತೆ ಅದರ ಕೆಳಗೆ ಬಗ್ಗಿ ನೋಡಿದ. ಗಾಡಿಯ ಹೊಟ್ಟೆಗೂ ನೆಲಕ್ಕೂ ಅಂತರ ಸಾಲದು ಎಂದ. ಹಂಪು ಕಟ್ಟಿದವರು ಯಾರ್ರೀ, ಅನಾಗರಿಕರು ಎಂದ ಇನ್ನೊಬ್ಬ. ಕಟ್ಟಿದವರು ಎದುರಿಗೇ ನಿಂತಿದ್ದರು. ಓಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದು, ಹಟ್ಟಿ ಅಗೋ ಕಾಣ್ತೈತೆ, ಕಾರು ಬರ್ದಿದ್ರೆ ಏನಾಯ್ತಣ್ಣಾ, ನಿಮಗೆ ಕಾಲಿಲ್ವಾ ಎಂದಳು. ನಿಮ್ಮಲ್ಲಿ ಕೆಲವರು ನಕ್ಕರಂತೆ. ಲಾರಿಯಾದರೆ ದಾಟುತ್ತಿತ್ತು, ಅದರಲ್ಲಿದ್ದ ಕಲ್ಲೂ ದಾಟುತ್ತಿತ್ತು. ಆದರೆ ಕಲ್ಲಿನ ಪಕ್ಕ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳದೆ ನಿಮ್ಮ ಗೌರವ ಪೂರ್ತಿಯಾಗುತ್ತಿರಲಿಲ್ಲವಲ್ಲ. ತಿರುಗಿಸಿಕೊಂಡು ಹೋದಿರಿ. ಹೆದ್ದಾರಿ ಬದಿಯ ಹೋಟೆಲ್ಲಿನ ಅಂಗಳ ನುಣ್ಣಗಿತ್ತು, ಅಲ್ಲೇ ಗುಂಡಿ ತೋಡಿ ಕಲ್ಲು ನೆಟ್ಟಿರಿ. ಮೇಲಿನ ಅಕ್ಷರ ಏನು ಹೇಳುತ್ತದೆ ಎಂಬುದನ್ನು ಒಬ್ಬರೂ ಯೋಚಿಸಲಿಲ್ಲ.

ಆಮೇಲೆ ನಿಮ್ಮ ಪದ್ಧತಿಯಂತೆ ಶಬ್ದಾಂಜಲಿ ಕೊಟ್ಟಿರಿ. ಸತ್ತವರಿಗೆ ಎಲ್ಲರೂ ಒಂದು ನಿಮಿಷ ಸುಮ್ಮನೆ ನಿಂತರೆ, ನೀವು ನಿಂತಲ್ಲೇ ಒಂದು ನಿಮಿಷ ಎಂಜಿನ್ ಗುಡುಗಿಸುತ್ತೀರಿ. ಆ ಸದ್ದು ಹಟ್ಟಿಯವರೆಗೂ ಕೇಳಿತು. ಉಳಿದಿದ್ದ ಕೋಳಿಗಳು ಮಾಡು ಹತ್ತಿದವು. ಓಬಮ್ಮ ತಣ್ಣಗಾದ ಸಾರಿನ ಮುಂದೆ ಕೂತು, ಮರ್ಯಾದೆ ನಮ್ಮಣ್ಣನಿಗೇ ಕೊಟ್ರು, ನಮ್ಮಣ್ಣನ ಮನೆಗೆ ಬರ್ಲಿಲ್ಲ ಎಂದಳು. ಇದು ಬಾಯಿಂದ ಬಾಯಿಗೆ ನನ್ನವರೆಗೆ ಬಂದಿದೆ. ಕಲ್ಲೋದುವವರ ಮುಂದೆ ಬಾಯಿಗೆ ಬೆಲೆಯಿಲ್ಲ.

ಹೋಟೆಲ್ಲಿದ್ದ ಜಾಗದಲ್ಲಿ ಈಗ ಹಾಯಿಬಂಡಿಯವರ ಊರು ಬೆಳೆದಿದೆ. ತಂಗುಪೇಟೆ ಎಂದು ಹೆಸರು. ಅವರಿಗೂ ನೀರು ಬೇಕು, ಅದಕ್ಕೆ ನಾನು ಬೈಯುವುದಿಲ್ಲ. ಕೇಳಿದ್ದರೆ ಪಾಳಿಯ ಮೇಲೆ ಕೊಡುತ್ತಿದ್ದೆವು. ಕೇಳಲಿಲ್ಲ, ಕಲ್ಲು ತೋರಿಸಿದರು. ಈ ಸುತ್ತಿನಲ್ಲಿ ಇರುವುದೊಂದೇ ಕೆರೆ. ಕಲ್ಲು ಈ ಊರಿನ ಕೆರೆ ಎನ್ನುತ್ತದೆ, ಕಲ್ಲು ನಿಂತಿರುವುದು ಅವರ ಅಂಗಳದಲ್ಲಿ. ಆದ್ದರಿಂದ ಪಾಲಯ್ಯ ಅವರವನಾದ, ಕೆರೆ ಅವರದಾಯಿತು, ನಾವು ನಡುವೆ ಬಂದು ಸೇರಿಕೊಂಡವರಾದೆವು. ಅವರ ಯಜಮಾನ ರುದ್ರಮುನಿ ನಗುತ್ತ, ನಮ್ಮತ್ರ ಕಲ್ಲೈತೆ, ನಿನ್ನ ಬಾಯಾಗೆ ಹಲ್ಲೂ ಇಲ್ಲವಲ್ಲಜ್ಜಿ ಎಂದ. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಬರುವ ಹುಣ್ಣಿಮೆಗೆ ಕಲ್ಲೋದುವವರು ಬರುತ್ತಾರೆ. ಅವರು ಓದುವುದನ್ನು ನಾನು ಈಗಲೇ ಓದಿ ಹೇಳಬಲ್ಲೆ.

ಪಾಲಯ್ಯನನ್ನು ಗೌರವಿಸುವುದು ಹೇಗೆಂದು ನಮ್ಮಿಂದ ಕಲಿಯಿರಿ. ನಮ್ಮಲ್ಲಿ ಎಂಜಿನ್ ಎಂಬುದನ್ನು ನೋಡಿದವರು ಯಾರೂ ಇಲ್ಲ. ಆದರೂ ವರ್ಷಕ್ಕೊಮ್ಮೆ, ಒರತೆ ತೋಡುವ ಮುನ್ನ, ಹಟ್ಟಿ ಪೂರ್ತಿ ಕೆರೆಯಂಗಳಕ್ಕೆ ಇಳಿದು ಒಂದು ನಿಮಿಷ ಬಾಯಲ್ಲೇ ಗುಡುಗುತ್ತೇವೆ, ಓಬಮ್ಮನ ಮಕ್ಕಳು ನಿಮ್ಮ ಸದ್ದನ್ನು ಅಣಕಿಸಿದ ಹಾಗೆ. ಮೊದಲು ಗೇಲಿಗೆ ಶುರುವಾದದ್ದು, ಬರುಬರುತ್ತ ಭಕ್ತಿಯಾಯಿತು. ಹಲ್ಲಿಲ್ಲದವರ ಗುಡುಗು ಚೆನ್ನಾಗಿರುತ್ತದೆ ಎಂದು ಮೊಮ್ಮಕ್ಕಳು ನನ್ನನ್ನು ಮುಂದೆ ನಿಲ್ಲಿಸುತ್ತಾರೆ. ಕೆರೆ ಹೋದರೆ ಅದನ್ನೂ ಎಲ್ಲಿ ನಿಂತು ಮಾಡುವುದು?

ಈ ಓಲೆಯನ್ನು ನೀವು ಕಲ್ಲು ನೆಟ್ಟ ಮಾರನೇ ದಿನ, ಭಾನುವಾರಕ್ಕೆ ಕಳಿಸುತ್ತಿದ್ದೇನೆ. ನೀವಿನ್ನೂ ದುರ್ಗದ ಲಾಡ್ಜಿನಲ್ಲಿ ತಿಂಡಿ ತಿನ್ನುತ್ತ ನಿನ್ನೆಯ ಫೋಟೋ ನೋಡುತ್ತಿರುತ್ತೀರಿ. ಏಳಿ. ಸಿಮೆಂಟು ಪೂರ್ತಿ ಬಿಗಿದಿರುವುದಿಲ್ಲ. ಕಲ್ಲು ಕಿತ್ತು ಲಾರಿಗೆ ಹಾಕಿ, ಕೆರೆ ಏರಿಯ ಮೇಲೆ ತಂದು ನೆಡಿ. ನಿಮ್ಮ ಕಾರುಗಳನ್ನು ಹೋಟೆಲ್ಲಿನ ಹತ್ತಿರವೇ ಬಿಟ್ಟು ನಡೆದು ಬನ್ನಿ. ಲಾರಿ ಹೊರಟುಹೋಗಿದ್ದರೆ ಹೊತ್ತು ತನ್ನಿ, ಭುಜಕ್ಕೆ ಭುಜ ಕೊಡುವಷ್ಟು ಜನ ಇದ್ದೀರಿ. ಓಬಮ್ಮ ಮತ್ತೆ ಕೋಳಿ ಕೊಯ್ಯುವುದಿಲ್ಲ, ಬುತ್ತಿ ಕಟ್ಟಿಕೊಂಡು ಬನ್ನಿ. ಅವಳು ಬೈದರೆ ತಲೆ ತಗ್ಗಿಸಿ ಕೇಳಿ.

ಒಂದು ಎಚ್ಚರಿಕೆ. ಬುದ್ಧಿವಂತಿಕೆ ತೋರಿಸಲು ಹೋಗಿ ಹಂಪು ಒಡೆಸಬೇಡಿ. ಆ ದಾರಿ ಈಗಿಲ್ಲ, ಮಣ್ಣು ತಿಂದಿತು. ಮೊದಲನೇ ಹಂಪು ಮಾತ್ರ ಬಯಲಿನ ನಡುವೆ ಹಾಗೇ ಕೂತಿದೆ. ನಮ್ಮವರು ಗಟ್ಟಿಯಾಗಿ ಕಟ್ಟಿದ್ದರು. ಅದರ ಮೇಲೆ ಕೂತೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಂದ ಕೆರೆ ಏರಿ ಚೆನ್ನಾಗಿ ಕಾಣುತ್ತದೆ. ಈ ಹೊತ್ತು ಅಲ್ಲಿ ಎರಡು ಕುರಿ ಬಿಟ್ಟರೆ ಏನೂ ಇಲ್ಲ. ನಾಳೆ ಬೆಳಿಗ್ಗೆ ಮತ್ತೆ ಬಂದು ಇಲ್ಲೇ ಕೂತು ಆ ಕಡೆ ನೋಡುತ್ತೇನೆ. ಕಲ್ಲು ಕಂಡರೆ ನಿಮ್ಮನ್ನು ಬೈಯುವುದನ್ನು ನಿಲ್ಲಿಸುತ್ತೇನೆ. ಕಾಣದಿದ್ದರೆ ನನ್ನ ಗಂಡನ ಪಾಲಿನ ಓಲೆಯನ್ನು ನಿಮಗಾಗಿ ದಂಡ ಮಾಡಿದ ಹಾಗಾಯಿತು.

ಕಾಟಮ್ಮ